ರೊಟ್ಟಿ, ಉಪ್ಪು ಮತ್ತು ಬೆಳ್ಳಿಯ ಹರಿವಾಣ

ಮನೆಗೆ ಬಂದವರಿಗೆ ನಮ್ಮಲ್ಲಿ ಬೆಲ್ಲ, ನೀರು ಕೊಡುವಂತೆ ರಷ್ಯನ್ನರಲ್ಲಿ ರೊಟ್ಟಿ, ಉಪ್ಪು ಕೊಡುವ ವಾಡಿಕೆ. ಬರುವವನು ಚಕ್ರವರ್ತಿಯೇ ಆದರೆ? ಹತ್ತೊಂಬತ್ತನೆಯ ಶತಮಾನದಲ್ಲಿ ಝಾರ್ ದೊರೆ ಬಂದಾಗ ಊರಿನ ಪ್ರಮುಖರು, ವರ್ತಕರು ಅದೇ ರೊಟ್ಟಿಯನ್ನು ಬೆಳ್ಳಿಯ ಹರಿವಾಣದಲ್ಲಿಟ್ಟು, ಬೆಳ್ಳಿಯ ಉಪ್ಪಿನ ಬಟ್ಟಲಿನೊಡನೆ ಅರ್ಪಿಸುತ್ತಿದ್ದರು. ರೊಟ್ಟಿ ಬರೀ ನೆಪ, ಕಾಣಿಕೆ ಹರಿವಾಣವೇ!

ಅದರ ಬಣ್ಣದ ಗುಟ್ಟು ಎನಾಮೆಲ್, ಅಂದರೆ ಗಾಜು. ಹುರಿ ಮಾಡಿದ ಎಳೆ ತಂತಿಯಿಂದ ಬೆಳ್ಳಿಯ ಮೇಲೆ ಹೂಬಳ್ಳಿ ಮೂಡಿಸಿ ಬೆಸೆಯುತ್ತಾರೆ. ತಂತಿಗಳ ನಡುವಿನ ಪುಟ್ಟ ಮನೆಗಳಿಗೆ ನೀರಿನಲ್ಲಿ ಕಲಸಿದ ಗಾಜಿನ ಪುಡಿ ತುಂಬುತ್ತಾರೆ. ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರದ ಆಕ್ಸೈಡ್. ಸುಮಾರು 750 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಕೆಲವೇ ನಿಮಿಷ. ಗಾಜು ಕರಗಿ ಕುಗ್ಗುತ್ತದೆ. ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಶಾಖ ಸ್ವಲ್ಪ ಹೆಚ್ಚಾದರೆ ಬೆಳ್ಳಿಯೇ ಕರಗಿ ಅಷ್ಟೂ ಕೆಲಸ ಹಾಳು.

ಮಾಸ್ಕೋದಲ್ಲಿ ಈ ಕೆಲಸಕ್ಕೆ ಹೆಸರಾದ ಪಾವೆಲ್ ಒವ್ಚಿನ್ನಿಕೊವ್ ಹುಟ್ಟಿನಿಂದ ಜೀತದಾಳು. 1850ರ ದಶಕದಲ್ಲಿ ಸ್ವಂತ ಕಾರ್ಖಾನೆ ತೆರೆದ. ಕಲಿಯುವ ಹುಡುಗರಿಗೆಂದು ಅಲ್ಲಿಯೇ ಶಾಲೆಯನ್ನೂ ನಡೆಸಿದ. ಕೊನೆಗೆ ಅರಮನೆಗೇ ಸರಕು ಒದಗಿಸುವವನಾದ.

1896ರ ಮೇ ತಿಂಗಳಲ್ಲಿ ಎರಡನೆಯ ನಿಕೊಲಾಸ್‌ಗೆ ಮಾಸ್ಕೋದಲ್ಲಿ ಪಟ್ಟಾಭಿಷೇಕ. ಅರಮನೆಗೆ ಇಂಥ ಹರಿವಾಣಗಳು ಬಂದವು. ದೊರೆಯ ಕಡೆಯಿಂದ ಜನರಿಗೂ ಉಡುಗೊರೆಯಿತ್ತು: ವಸ್ತ್ರದ ಗಂಟಿನಲ್ಲಿ ಬ್ರೆಡ್ಡು, ಮಿಠಾಯಿ, ಜೊತೆಗೆ ರಾಜದಂಪತಿಯ ಹೆಸರಿನ ಮೊದಲಕ್ಷರಗಳಿದ್ದ ಎನಾಮೆಲ್ ಲೋಟ. ಅದೂ ಲೋಹದ ಮೇಲೆ ಕರಗಿಸಿದ ಗಾಜೇ; ಬೆಳ್ಳಿಯ ಬದಲು ಅಗ್ಗದ ತಗಡು, ಅಷ್ಟೆ.

ಆ ಲೋಟಕ್ಕಾಗಿ ಖೋಡಿಂಕಾ ಮೈದಾನದಲ್ಲಿ ಹಿಂದಿನ ರಾತ್ರಿಯೇ ಲಕ್ಷಾಂತರ ಜನ ಸೇರಿದ್ದರು. ಎಲ್ಲರಿಗೂ ಸಾಲದು ಎಂಬ ಸುದ್ದಿ ಹಬ್ಬಿತು. ಬೆಳಗಿನ ನೂಕುನುಗ್ಗಲಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ, ಮೈದಾನದ ಗುಂಡಿಗಳಲ್ಲಿ ಬಿದ್ದು 1,300ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ರಾತ್ರಿ ದೊರೆ ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದ. ಮಂತ್ರಿಗಳ ಸಲಹೆಯಿರಬಹುದು, ಹೋಗಬಾರದಿತ್ತು. ಜನ ಅದನ್ನು ಮರೆಯಲಿಲ್ಲ. ಲೋಟಕ್ಕೆ ‘ದುಃಖದ ಬಟ್ಟಲು’ ಎಂಬ ಹೆಸರು ಬಂತು.

1917ರ ಕ್ರಾಂತಿಯ ಬಳಿಕ ಅರಮನೆಯ ಸೊತ್ತು ಸರ್ಕಾರದ್ದಾಯಿತು. ವಿದೇಶಿ ಹಣ ಬೇಕಾಗಿದ್ದ ಸೋವಿಯತ್ ಸರ್ಕಾರ ಅದರಲ್ಲಿ ಬಹಳಷ್ಟನ್ನು ಮಾರಿತು. 1937-38ರಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಯ ಪತ್ನಿ ಮಾರ್ಜರಿ ಪೋಸ್ಟ್ ಕೊಂಡ ವಸ್ತುಗಳನ್ನು ವಾಷಿಂಗ್ಟನ್ನಿನ ಹಿಲ್‌ವುಡ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ತಗಡಿನ ಲೋಟಗಳನ್ನೂ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಕೆಲವದರ ಅಂಚಿನ ಗಾಜು ಸಿಡಿದು ಒಳಗಿನ ಕಪ್ಪು ತಗಡು ಕಾಣುತ್ತದೆ.