ಹರಿದ ಮಂಡಿಬಂಧದ ಚಿಕಿತ್ಸೆ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1895ರಲ್ಲಿ, ಗಣಿಯೊಳಗೆ ಮಣ್ಣು ಕುಸಿದು ಕಾಲು ಕೆಡಿಸಿಕೊಂಡಿದ್ದ 41 ವಯಸ್ಸಿನ ಕಾರ್ಮಿಕನೊಬ್ಬನ ಮಂಡಿಯನ್ನು ತೆರೆದು, ಒಳಗೆ ಒಂದನ್ನೊಂದು ಹಾಯ್ದು ನಿಲ್ಲುವ ಎರಡು ಲಿಗಮೆಂಟುಗಳೂ ಕಿತ್ತುಹೋಗಿರುವುದನ್ನು ಕಂಡು, ಅವನ್ನು ಸ್ವಸ್ಥಾನದಲ್ಲಿ ಹೊಲಿದವನು ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯ. ಆರು ವರ್ಷಗಳ ತರುವಾಯವೂ ಆ ಮನುಷ್ಯ ಕುಂಟದೆ ನಡೆಯುತ್ತಿದ್ದನೆಂದು ವೈದ್ಯನೇ 1903ರಲ್ಲಿ ಬರೆದಿದ್ದಾನೆ. ರೋಗಿ ಭಾಗ್ಯವಂತನೆಂದೇ ಹೇಳಬೇಕು. ಏಕೆಂದರೆ ಚರ್ಮದ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತವು ಎರಡು ಅಂಚುಗಳನ್ನು ಬೆಸೆಯುವಂತೆ ಮಂಡಿಯೊಳಗೆ ಬೆಸೆಯದು. ಸಂಧಿಯ ದ್ರವವು ಆ ಹೆಪ್ಪನ್ನು ಕರಗಿಸಿಬಿಡುವುದರಿಂದ ನಡುವೆ ಹರಿದ ಲಿಗಮೆಂಟು ಹೊಲಿದರೂ ಕೂಡಿಕೊಳ್ಳುವುದು ಅಪರೂಪ.

ಆದುದರಿಂದ ಹೊಲಿಗೆಯ ಹಾದಿಯನ್ನು ಬಿಟ್ಟು, ತೊಡೆಯ ಪಾರ್ಶ್ವದ ಗಟ್ಟಿ ಪೊರೆಯಿಂದ ಪಟ್ಟಿಯೊಂದನ್ನು ಬಿಡಿಸಿ, ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಅದನ್ನು ಹಾಯಿಸಿ, ಹೊಸ ಬಂಧವನ್ನೇ ನಿರ್ಮಿಸಿದ ಬ್ರಿಸ್ಟಲಿನ ಹೇ ಗ್ರೋವ್ಸ್‌ನ 1917ರ ಕ್ರಮವೇ ಇಂದಿನ ಚಿಕಿತ್ಸೆಯ ಪೂರ್ವಜ. ಈಗ ಕಿರುರಂಧ್ರಗಳಲ್ಲಿ ಆರ್ಥ್ರೋಸ್ಕೋಪು ತೂರಿಸಿ, ಹ್ಯಾಮ್‌ಸ್ಟ್ರಿಂಗ್‌ನಿಂದಲೋ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನಿಂದಲೋ ತೆಗೆದ ಎಳೆಯನ್ನು ಕೂರಿಸುತ್ತಾರೆ. 1980ರ ದಶಕದಲ್ಲಿ ಕಾರ್ಬನ್ ನಾರಿನಂಥ ಕೃತಕ ವಸ್ತುಗಳನ್ನೂ ಪ್ರಯೋಗಿಸಿದ್ದುಂಟು; ಅವು ಸವೆದು ಉದುರಿದ ಕಣಗಳಿಂದ ಮಂಡಿಗಳು ಊದಿಕೊಳ್ಳತೊಡಗಿದ ಮೇಲೆ ಆ ಉತ್ಸಾಹ ಇಳಿಯಿತು.

ಶಸ್ತ್ರವೈದ್ಯನ ಕೈಚಳಕವನ್ನು ಕೊಂಡಾಡುವ ನಾವು ಮರೆಯುವ ಸಂಗತಿಯೊಂದುಂಟು: ಕಸಿಮಾಡಿದ ಎಳೆಯು ಕೂರಿಸಿದ ದಿನ ಎಷ್ಟು ಬಲಿಷ್ಠವೋ ಎರಡು ಮೂರು ತಿಂಗಳು ಕಳೆದಾಗ ಅಷ್ಟಿರುವುದಿಲ್ಲ. ರಕ್ತಸಂಪರ್ಕ ಕಡಿದುಹೋದ ಅದರಲ್ಲಿ ಹಳೆಯ ಜೀವಕೋಶಗಳು ಅಳಿದು, ಹೊಸ ರಕ್ತನಾಳಗಳು ಹಬ್ಬಿ, ನಾರುಗಳು ಮತ್ತೆ ಹೆಣೆದುಕೊಂಡು, ಅದು ಲಿಗಮೆಂಟಿನ ಸ್ವಭಾವವನ್ನು ತಾಳಲು ವರ್ಷವಾದರೂ ಹಿಡಿಯುತ್ತದೆ. ನೋವು ಇಳಿದು, ಬಾವು ಬತ್ತಿ, ಕಬಡ್ಡಿಯ ಹುಡುಗನಿಗೆ ಅಂಕಣದ ಹಂಬಲ ಮರುಕಳಿಸುವ ಕಾಲವೂ, ಎಳೆ ಅತ್ಯಂತ ದುರ್ಬಲವಾಗಿರುವ ಕಾಲವೂ ಒಂದೇ ಆಗಿರುವುದು ವಿಪರ್ಯಾಸ. ಒಂಬತ್ತು ತಿಂಗಳಿಗೆ ಮುನ್ನ ಆಟಕ್ಕೆ ಇಳಿಯಬೇಡವೆಂದು ವೈದ್ಯರು ತಡೆಯುವುದು ಅತಿಜಾಗ್ರತೆಯಲ್ಲ. ಅದು ಚಿಕಿತ್ಸೆಯದೇ ಒಂದು ಭಾಗ.

ಇನ್ನು, ಹರಿದ ಮಂಡಿಗೆಲ್ಲ ಶಸ್ತ್ರ ಬೇಕೇ? ಸ್ವೀಡನ್ನಿನಲ್ಲಿ 121 ಮಂದಿ ತರುಣರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲು ವ್ಯಾಯಾಮ, ಅಗತ್ಯವಾದರೆ ಮಾತ್ರ ಶಸ್ತ್ರ ಎಂಬ ಕ್ರಮಕ್ಕೆ ಒಳಪಟ್ಟ 59 ಜನರಲ್ಲಿ 36 ಮಂದಿ ಎರಡು ವರ್ಷಗಳಾದರೂ ಲಿಗಮೆಂಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಲಿಲ್ಲ. ಆದರೂ ಈ ಗುಂಪಿನವರ ಗುಣ ಒಡನೆಯೇ ಶಸ್ತ್ರಕ್ಕೆ ಒಳಗಾದವರಿಗಿಂತ ಕಡಿಮೆಯೇನೂ ಇರಲಿಲ್ಲ. ಹೊರಳಿ ತಿರುಗುವ ಆಟವೇ ವೃತ್ತಿಯಾದವರ, ನಡೆಯುವಾಗಲೇ ಮಂಡಿ ಜಾರುವವರ ಮಾತು ಬೇರೆ. ಉಳಿದವರು ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವ ಮೊದಲು, ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.