ಕಳೆನಾಶಕದ ಬಾಟಲಿಯೊಳಗಿನ ಪ್ಲಾಸ್ಟಿಕ್: ಲೆಕ್ಕ ಕೇಳೋರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಹೊಗೆಸೊಪ್ಪಿನ ಹರಾಜು ಬೆಲೆ ಬಿದ್ದರೆ ಅದು ಸುದ್ದಿ. ಔಷಧಿ ಬಾಟಲಿ ಮೇಲಿನ ‘ಸಿಎಸ್’ ಅನ್ನೋ ಎರಡಕ್ಷರ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಪೆಂಡಿಮೆಥಾಲಿನ್ 38.7% ಸಿಎಸ್ ಕಳೆನಾಶಕ ಇದಕ್ಕೊಂದು ಉದಾಹರಣೆ. ಸಿಎಸ್ ಅಂದರೆ ಕ್ಯಾಪ್ಸೂಲ್ ಸಸ್ಪೆನ್ಷನ್: ಔಷಧಿಯನ್ನು ಕೆಲವೇ ಮೈಕ್ರಾನ್ ಗಾತ್ರದ ಪಾಲಿಮರ್ ಗುಳಿಗೆಗಳಲ್ಲಿ ತುಂಬಿ, ನೀರಲ್ಲಿ ತೇಲಿಸಿರುತ್ತಾರೆ.

ಇಷ್ಟು ಚಿಕ್ಕ ಗುಳಿಗೆಗೆ ಅಚ್ಚು ಎಲ್ಲಿಂದ ಬರಬೇಕು? ಅಚ್ಚೇ ಇಲ್ಲ. ಎಣ್ಣೆಯಂಥ ಔಷಧಿಯನ್ನು ನೀರಲ್ಲಿ ಜೋರಾಗಿ ಕಲಕಿದರೆ ಹನಿಗಳಾಗುತ್ತೆ. ಸೋಪಿನಂಥ ಅಣುಗಳು ಒಂದು ತುದಿ ಎಣ್ಣೆಗೆ, ಇನ್ನೊಂದು ನೀರಿಗೆ ಚಾಚಿ ಹನಿಯ ಸುತ್ತ ತಾವಾಗೇ ಸಾಲು ನಿಲ್ಲುತ್ತವೆ. ಇದೇ ಸ್ವಯಂಜೋಡಣೆ. ಆಮೇಲೆ ಎಣ್ಣೆಯೊಳಗಿನ ಒಂದು ರಾಸಾಯನಿಕ, ನೀರಲ್ಲಿರೋ ಇನ್ನೊಂದು, ಹನಿಯ ಅಂಚಲ್ಲಿ ಸೇರಿ ತೆಳು ಚಿಪ್ಪು ಕಟ್ಟುತ್ತವೆ. ಆ ಚಿಪ್ಪು ಸಾಮಾನ್ಯವಾಗಿ ಪಾಲಿಯೂರಿಯಾ ಅನ್ನೋ ಪ್ಲಾಸ್ಟಿಕ್.

ಹಾಲಲ್ಲೂ ಇಂಥದ್ದೇ ಆಟ ಇದೆ. ಕೇಸಿನ್ ಪ್ರೋಟೀನ್ ಕೂಡ ಒಂದು ಪಾಲಿಮರ್ರೇ. ಕ್ಯಾಲ್ಸಿಯಂ ಫಾಸ್ಫೇಟ್ ಜತೆ ತಾನಾಗೇ ಸೇರಿ ಸುಮಾರು 150–200 ನ್ಯಾನೋಮೀಟರ್‌ನ ಮೆತ್ತನೆ ಉಂಡೆಗಳಾಗುತ್ತೆ. ವ್ಯತ್ಯಾಸ ಇಷ್ಟೇ: ಕೇಸಿನ್ ಉಂಡೆ ಹೊಟ್ಟೆಯಲ್ಲಿ ಜೀರ್ಣವಾಗುತ್ತೆ, ಮಣ್ಣಲ್ಲಿ ಕೊಳೆಯುತ್ತೆ. ಪಾಲಿಯೂರಿಯಾ ಚಿಪ್ಪು ಅಷ್ಟು ಸುಲಭಕ್ಕೆ ಕರಗಲ್ಲ.

ಹಾಗಂತ ಸಿಎಸ್ ಬೇಡ ಅನ್ನೋದು ತಪ್ಪಾಗುತ್ತೆ. ಔಷಧಿ ನಿಧಾನಕ್ಕೆ ಹೊರಬರುತ್ತೆ, ದ್ರಾವಕದ ಘಾಟು ಕಡಿಮೆ, ಸ್ಪ್ರೇ ಮಾಡೋ ಕೂಲಿಯವರ ಚರ್ಮಕ್ಕೆ ತಾಗೋದೂ ಕಡಿಮೆ. ಪ್ರಶ್ನೆ ಇರೋದು ಚಿಪ್ಪಿನದ್ದು.

ಯುರೋಪ್ ಆ ಪ್ರಶ್ನೆ ಕೇಳಿದೆ. ಬೇಕಂತಲೇ ಸೇರಿಸಿದ ಮೈಕ್ರೊಪ್ಲಾಸ್ಟಿಕ್ ಮೇಲೆ 2023ರಲ್ಲಿ ನಿರ್ಬಂಧ ತಂದು, ಬೆಳೆ ಔಷಧಿಗಳಿಗೆ 2031ರ ಅಕ್ಟೋಬರ್‌ವರೆಗೆ ಗಡುವು ಕೊಟ್ಟಿದೆ. ಜೈವಿಕವಾಗಿ ಕೊಳೆಯುವ ಪಾಲಿಮರ್, ನೈಸರ್ಗಿಕ ಪಾಲಿಮರ್‌ಗಳಿಗೆ ವಿನಾಯಿತಿಯೂ ಇದೆ. ಅಂದರೆ ಕಂಪನಿಗಳು ಹೇಗಿದ್ದರೂ ಹೊಸ ಚಿಪ್ಪು ಹುಡುಕಲೇಬೇಕು. ಅದು ಅಲ್ಲಿಗೆ ಮಾತ್ರ ಸೀಮಿತವಾಗಿ, ಹಳೇದು ನಮ್ಮ ಪಾಲಿಗೆ ಬರಬಾರದು.

ನಮ್ಮಲ್ಲಿ ಕೀಟನಾಶಕ, ಕಳೆನಾಶಕಗಳಿಗೆ ನೋಂದಣಿ ಕೊಡೋದು ಕೇಂದ್ರದ ಸಮಿತಿ. ಚಿಪ್ಪು ಯಾವುದರದ್ದು, ಮಣ್ಣಲ್ಲಿ ಎಷ್ಟು ದಿನ ಉಳಿಯುತ್ತೆ ಅನ್ನೋದು ರೈತರಿಗೆ ಓದೋಕೆ ಸಿಗೋ ಹಾಗೆ ಲೇಬಲ್ ಮೇಲೆ ಕನ್ನಡದಲ್ಲೇ ಬರಲಿ. ಈ ನಾಲ್ಕು ತಾಲೂಕಿನ ಹೊಲದ ನೀರು ಹರಿಯೋದು ಲಕ್ಷ್ಮಣತೀರ್ಥ, ಕಬಿನಿ, ಕಾವೇರಿಗೆ. ಕೆಳಗೆ ಅದೇ ನೀರನ್ನ ಮೈಸೂರು, ಬೆಂಗಳೂರು ಕುಡಿಯುತ್ತೆ. ಹಾಗಾಗಿ ಲೆಕ್ಕ ಕೇಳೋ ಕೆಲಸ ರೈತರೊಬ್ಬರದ್ದೇ ಅಲ್ಲ.