ಅಡಿಕೆ ತೋಟದ ಹಾವಸೆ: ಅದರ ಬಗೆಗಳೂ ಗುಣಾವಗುಣಗಳೂ

ಶಿವಮೊಗ್ಗ ಮತ್ತು ಭದ್ರಾವತಿ ಸೀಮೆಯಲ್ಲಿ ಮಳೆಗಾಲವು ಹಿಡಿದ ಕೆಲವು ದಿನಗಳಲ್ಲಿಯೇ ಅಡಿಕೆಯ ಮರ, ತೋಟದ ಬದು, ಬಾವಿಯ ಕಟ್ಟೆ, ಮನೆಯ ಹೆಂಚು ಇವೆಲ್ಲವೂ ಹಸುರಾಗುವುವು. ಈ ಹಸುರಿಗೆ ಜನರು ಸಾಮಾನ್ಯವಾಗಿ ಪಾಚಿ ಎಂಬ ಒಂದೇ ಹೆಸರನ್ನು ಹೇಳುವರು. ವಾಸ್ತವವಾಗಿ ನಿಂತ ನೀರಿನಲ್ಲಿ ಲೋಳೆಯಾಗಿ ಬೆಳೆಯುವುದು ಪಾಚಿ. ಬಂಡೆಗಳ ಮೇಲೆಯೂ ತೊಗಟೆಯ ಮೇಲೆಯೂ ಬೂದುಬಣ್ಣದ ಚಕ್ಕೆಯಂತೆ ಹಬ್ಬುವುದು ಕಲ್ಲುಹೂವು. ಸಣ್ಣ ಕಾಂಡವೂ ಎಲೆಗಳೂ ಇದ್ದು ಮೆತ್ತೆಯಂತೆ ಒತ್ತಾಗಿ ಬೆಳೆಯುವುದು ಹಾವಸೆ.

ಪ್ರಪಂಚದಲ್ಲಿ ಸುಮಾರು ೧೨,೦೦೦ ಜಾತಿಯ ಹಾವಸೆಗಳುಂಟು. ಅವುಗಳಲ್ಲಿ ಮಲೆನಾಡಿನ ನೆರಳಿನ ಬದುಗಳಲ್ಲಿಯೂ ಹಳ್ಳದ ಕಲ್ಲುಗಳ ಮೇಲೆಯೂ ಸಾಮಾನ್ಯವಾಗಿ ಕಾಣುವುದು ಫಿಸ್ಸಿಡೆನ್ಸ್ ಎಂಬ ವರ್ಗ. ಇದರ ಎಲೆಗಳು ಕಾಂಡದ ಎರಡು ಮಗ್ಗುಲುಗಳಲ್ಲಿ ಮಾತ್ರ ಸಾಲಾಗಿದ್ದು, ಗಿಡವು ಚಿಕ್ಕದೊಂದು ಗರಿಯಂತೆ ತೋರುವುದು. ಈ ಒಂದು ವರ್ಗದಲ್ಲಿಯೇ ೪೦೦ಕ್ಕೂ ಹೆಚ್ಚು ಜಾತಿಗಳಿವೆ. ಪೇಟೆಯ ಗೋಡೆ ಮತ್ತು ಇಟ್ಟಿಗೆಗಳ ಮೇಲೆ ಬ್ರಯಮ್, ಹಯೋಫಿಲ ಮುಂತಾದ ಬೇರೆ ವರ್ಗಗಳು ಬೆಳೆಯುವುವು. ಹಯೋಫಿಲದ ಎಲೆಗಳು ಬಿಸಿಲಿಗೆ ಸುರುಳಿಯಾಗಿ, ನೀರು ಸೋಕಿದೊಡನೆ ಬಿಚ್ಚಿಕೊಳ್ಳುವುವು.

ಹಾವಸೆಗೆ ನಿಜವಾದ ಬೇರಿಲ್ಲ. ನೂಲಿನಂತಹ ಎಳೆಗಳಿಂದ ಅದು ತನ್ನ ನೆಲೆಯನ್ನು ಹಿಡಿದುಕೊಂಡಿರುವುದು. ಬೇಕಾದ ನೀರನ್ನೂ ಲವಣಗಳನ್ನೂ ಮಳೆ ಮಂಜುಗಳಿಂದ ಎಲೆಯ ಮೂಲಕವೇ ಪಡೆಯುವುದು. ಬಂದಳಿಕೆಯಾದರೋ ಆಸರೆಯ ಮರದೊಳಕ್ಕೆ ಬೇರನ್ನಿಳಿಸಿ ಅದರ ರಸವನ್ನು ಹೀರುವುದು. ಹಾವಸೆಯು ಹಾಗಲ್ಲ, ಮರವು ಅದಕ್ಕೆ ಕೇವಲ ಆಸರೆ. ಹೂವು, ಬೀಜಗಳು ಅದಕ್ಕಿಲ್ಲ. ತೆಳುವಾದ ಕಡ್ಡಿಯ ತುದಿಯಲ್ಲಿರುವ ಪುಟ್ಟ ಸಂಪುಟದಿಂದ ಹೊರಡುವ ಪುಡಿಯಂತಹ ಕಣಗಳಿಂದ ವಂಶವು ಬೆಳೆಯುವುದು. ಗಂಡುಕಣವು ಹೆಣ್ಣುಕಣವನ್ನು ಸೇರುವುದಕ್ಕೆ ನೀರಿನ ಪೊರೆ ಅವಶ್ಯವಾದುದರಿಂದಲೇ ತೇವವಿದ್ದಲ್ಲಿ ಅದರ ವೃದ್ಧಿ ಹೆಚ್ಚು.

ಆದುದರಿಂದ ಮರದ ಸಾರವು ಹೋಗುವುದೆಂಬ ಶಂಕೆಯಿಂದ ಅಡಿಕೆಯ ಕಾಂಡವನ್ನು ಹೆರೆಯಿಸುವುದು ವ್ಯರ್ಥವಾದ ವೆಚ್ಚ. ಕತ್ತಿಯ ಗಾಯವಾದರೆ ಮರಕ್ಕೂ ಕೇಡು. ಕೊಳೆರೋಗಕ್ಕೆ ಹಾವಸೆಯೇ ಕಾರಣವೆಂದು ಎಣಿಸುವುದು ಇನ್ನೂ ಹಾನಿಕರ. ಏಕೆಂದರೆ ಹೆರೆಯುವುದರಲ್ಲಿ ಕಳೆದ ದಿನಗಳಲ್ಲಿ ಮದ್ದು ಹೊಡೆಯುವ ಹದವು ಮೀರಿಹೋಗುವುದು. ಈ ರೋಗಕ್ಕೆ ಫೈಟಾಫ್ತೊರ ಎಂಬ ಬೂಷ್ಟಿನಂತಹ ಸೂಕ್ಷ್ಮಜೀವಿಯು ಕಾರಣವೆಂಬುದನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ೧೯೧೦ರಲ್ಲಿ ಪ್ರಕಟಿಸಿದ ಬರಹದಲ್ಲಿ ವಿವರಿಸಿದರು. ಅದು ಮಳೆಯ ಹನಿ ಮತ್ತು ಗಾಳಿಯೊಡನೆ ಗೊನೆಯಿಂದ ಗೊನೆಗೆ ಹರಡುವುದು. ಮುಂಗಾರಿಗೆ ಮುಂಚೆ ಒಮ್ಮೆ, ಅನಂತರ ೪೦–೪೫ ದಿನಗಳಿಗೆ ಮತ್ತೊಮ್ಮೆ, ಗೊನೆಗಳಿಗೆ ನೂರಕ್ಕೆ ಒಂದರ ಬೋರ್ಡೊ ದ್ರಾವಣವನ್ನು ಸಿಂಪಡಿಸತಕ್ಕದ್ದು. ೧೦೦ ಲೀಟರು ನೀರಿಗೆ ಮೈಲುತುತ್ತ ೧ ಕಿಲೋ, ಸುಣ್ಣ ೧ ಕಿಲೋ ಇದರ ಪ್ರಮಾಣ.

ಹಾವಸೆಯಿಂದ ಉಪಕಾರವೂ ಉಂಟು. ಬದುವಿನ ಬರಿಮಣ್ಣಿನ ಮೇಲೆ ಅದು ಹೊದಿಕೆಯಾಗಿರುವಲ್ಲಿ ಮಳೆಹನಿಯ ಹೊಡೆತವು ತಗ್ಗಿ, ಮಣ್ಣು ಕೊಚ್ಚಿಹೋಗುವುದು ಕಡಮೆಯಾಗುವುದು. ಬದುವಿನ ಕಳೆಯನ್ನು ಕೀಳುವಾಗ ಹಾವಸೆಯನ್ನು ಹಾಗೆಯೇ ಉಳಿಸುವುದು ಲೇಸು. ಆದರೆ ತೋಟದ ನೆಲವೆಲ್ಲ ದಪ್ಪವಾಗಿ ಹಾವಸೆಗಟ್ಟಿದ್ದರೆ ಅಲ್ಲಿ ತೇವವೂ ನೆರಳೂ ಮಿತಿಮೀರಿವೆಯೋ ಎಂದು ನೋಡಬೇಕು. ಬಸಿಗಾಲುವೆಗಳ ಹೂಳು ತೆಗೆದು, ನೀರು ಸರಾಗವಾಗಿ ಹರಿಯುವಂತೆ ಮಾಡುವುದೇ ಅದಕ್ಕೆ ಪರಿಹಾರ. ಹಾವಸೆಯನ್ನು ಮಾತ್ರ ಕೆರೆದರೆ ಅದು ಮತ್ತೆ ಬರುವುದು.

ಬಾವಿಕಟ್ಟೆ, ಮೆಟ್ಟಿಲು ಮತ್ತು ಕಾಲುಸಂಕಗಳ ಮೇಲಿನ ಹಾವಸೆಯನ್ನು ತಪ್ಪದೆ ಉಜ್ಜಿ ತೆಗೆಯಿಸಬೇಕು. ಜಾರಿ ಬೀಳುವವರ ಕೈಕಾಲು ಮುರಿಯುವ ಭಯವುಂಟು. ಹಸಿಯಾದ ಅಡಿಕೆ ಮರವೂ ಹಾಗೆಯೇ ಜಾರುವುದರಿಂದ, ಮಳೆ ಬಿಟ್ಟು ಕಾಂಡವು ಆರಿದ ಮೇಲೆಯೇ ಆಳನ್ನು ಮರಕ್ಕೆ ಹತ್ತಿಸತಕ್ಕದ್ದು. ಊರಿನ ಮುಖಂಡರು ಈ ವಿಷಯವನ್ನು ಮಳೆಗಾಲಕ್ಕೆ ಮುಂಚಿತವಾಗಿಯೇ ತೋಟದವರಿಗೆ ತಿಳಿಯಹೇಳಿದರೆ ಹಣದ ನಷ್ಟವೂ ಪ್ರಾಣಾಪಾಯವೂ ತಪ್ಪುವುವು.